ಹೊಳೆಯುವ ನ್ಯಾನೊಕಣ: ಗಂಟಾಗದಂತೆ ಮಾಡುವುದು ಹೇಗೆ?

ಜೀವಂತ ಕೋಶದ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹೊಳೆಯುವ ಪಾಲಿಮರ್ ಕಣಗಳು ಬಹಳ ಅನುಕೂಲ. ಸಾಮಾನ್ಯ ಬಣ್ಣಗಳಷ್ಟು ಬೇಗ ಮಂಕಾಗುವುದಿಲ್ಲ. ವಿಜಯಪುರದ ನಮ್ಮ ಲ್ಯಾಬಿಗೆ ಪ್ರಾಜೆಕ್ಟಿಗೆಂದು ಬರುವ ಎಂ.ಎಸ್ಸಿ. ಮಕ್ಕಳು ಈ ಕಣಗಳ ತಯಾರಿಯನ್ನು ಕೆಡಿಸುವುದು ಹೆಚ್ಚಾಗಿ ಸಿರಿಂಜ್ ಒತ್ತುವಾಗಲೇ.

ಮೊದಲು ಪಿಎಫ್‌ಬಿಟಿ ಎಂಬ ಹೊಳೆಯುವ ಪಾಲಿಮರನ್ನು ಟಿಎಚ್‌ಎಫ್ ಎಂಬ ಸಾವಯವ ದ್ರಾವಕದಲ್ಲಿ, ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ, ರಾತ್ರಿಯಿಡೀ ಕರಗಿಸಿ. ಗಾಜಿನ ಬಾಟಲಿಯೇ ಇರಲಿ, ಪಾಲಿಸ್ಟೈರೀನ್ ಡಬ್ಬಿಯನ್ನು ಟಿಎಚ್‌ಎಫ್ ಕರಗಿಸಿಬಿಡುತ್ತದೆ. ಎಂದೋ ತೆರೆದಿಟ್ಟ ಟಿಎಚ್‌ಎಫ್ ಬೇಡವೇ ಬೇಡ. ಅದರಲ್ಲಿ ಸಿಡಿಯಬಲ್ಲ ಪೆರಾಕ್ಸೈಡ್ ಸೇರಿರಬಹುದು. ಆಮೇಲೆ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಆಗುವಷ್ಟು ತೆಳು ಮಾಡಿ, ಮಿಲಿಲೀಟರಿಗೆ 10ರಿಂದ 20 ಮೈಕ್ರೊಗ್ರಾಂನಂತೆ ಪಿಎಸ್‌ಎಂಎ ಎಂಬ ಇನ್ನೊಂದು ಪಾಲಿಮರ್ ಸೇರಿಸಿ. ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವುದು ಅದೇ.

ಇನ್ನು ಈ ದ್ರಾವಣವನ್ನು ಸೇರಿಸುವ ನೀರು. ನಮ್ಮ ಬೋರ್‌ವೆಲ್ ನೀರು ಗಡಸು, ಗೊತ್ತಿರುವುದೇ ಅಲ್ವಾ? ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನನ್ನೂ ನಂಬಬೇಡಿ. ಲವಣ ಉಳಿದಿದ್ದರೆ ಕಣಗಳು ಗುಂಪುಗಟ್ಟುತ್ತವೆ. ಮಿಲ್ಲಿಕ್ಯೂ ಯಂತ್ರದ ಅತಿಶುದ್ಧ ನೀರೇ ಆಗಬೇಕು.

ಈಗ ಅಸಲಿ ಕೆಲಸ. ಗಾಜಿನ ಬಾಟಲಿಗೆ 10 ಮಿ.ಲೀ. ನೀರು ಹಾಕಿ, ಅಲ್ಟ್ರಾಸೌಂಡ್ ಅಲೆಗಳಿಂದ ಅಲುಗಿಸುವ ಸೋನಿಕೇಟರ್‌ನಲ್ಲಿಡಿ. ಅದು ಓಡುತ್ತಿರುವಾಗಲೇ, ಸೂಜಿಯ ತುದಿ ನೀರೊಳಗೆ ಮುಳುಗಿಸಿ, 5 ಮಿ.ಲೀ. ದ್ರಾವಣವನ್ನು ಒಂದೇ ಏಟಿಗೆ ಒತ್ತಿ. ಹೆದರಿ ಹನಿಹನಿ ಬಿಡುವವರೇ ಜಾಸ್ತಿ. ಝುಣಕಕ್ಕೆ ಹಿಟ್ಟು ಉದುರಿಸುವ ರೂಢಿ ಇಲ್ಲಿ ನಡೆಯದು, ನಿಧಾನಿಸಿದರೇ ಗಂಟು. ಈ ಪಾಲಿಮರ್‌ಗೂ ನೀರಿಗೂ ಆಗಿಬರುವುದಿಲ್ಲ. ಟಿಎಚ್‌ಎಫ್ ಥಟ್ಟನೆ ನೀರಿಗೆ ಬೆರೆತರೆ ಪಾಲಿಮರ್ ಎಳೆಗಳು ಮುದುಡಿ, ಎಲ್ಲ ಕಡೆ ಒಟ್ಟಿಗೇ ಸಣ್ಣ ಕಣಗಳಾಗುತ್ತವೆ. ತಡವಾದರೆ, ಮೊದಲು ಹುಟ್ಟಿದ ಕಣದ ಮೇಲೇ ಉಳಿದದ್ದೂ ಬಂದು ಕೂರುತ್ತದೆ. ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿ: ತಿಳಿ ಹಳದಿಯಾಗಿದ್ದು ಆಚೆಯದು ಕಾಣಬೇಕು. ಮಬ್ಬಾಗಿದ್ದರೆ ಅದನ್ನು ಬಿಟ್ಟುಬಿಡಿ; ಮತ್ತೆ ಸೋನಿಕೇಟರ್‌ಗೆ ಹಾಕಿ ಸರಿಪಡಿಸುವ ಆಸೆ ಬೇಡ. ಯುವಿ ಟಾರ್ಚಿಗೆ ಹೊಳೆಯಿತೆಂದು ಸುಮ್ನೆ ಹಿಗ್ಗಬೇಡಿ, ಕೆಟ್ಟದ್ದೂ ಹೊಳೆಯುತ್ತದೆ. ಕಣದ ಗಾತ್ರ ಅಳೆಯುವ ಡಿಎಲ್ಎಸ್ ಯಂತ್ರದಲ್ಲಿ 20–30 ನ್ಯಾನೊಮೀಟರ್ ಆಸುಪಾಸು ಬಂದರೆ ಗೆದ್ದಿರಿ.

ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನಲ್ಲಿ ನೈಟ್ರೋಜನ್ ಊದಿ ಟಿಎಚ್‌ಎಫ್ ಪೂರ್ತಿ ತೆಗೆಯಿರಿ. ಅದು ಉಳಿದರೆ ಕೋಶ ಸಾಯುತ್ತದೆ, ಬೈಗುಳ ಪಾಲಿಮರ್‌ಗೆ ಬೀಳುತ್ತದೆ. 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ. ಫ್ರೀಜರ್‌ಗೆ ಹಾಕಿದರೆ ಕಣಗಳು ಒಂದಾಗಿಬಿಡುತ್ತವೆ.

ಕೋಶಗಳ ಜೊತೆ 37 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣದಿಂದ ತೊಳೆದು ನೋಡಿ. ಕಣ ಹಾಕದ ಕೋಶಗಳಿರುವ ಒಂದು ಗುಳಿ (ತಟ್ಟೆಯ ವೆಲ್) ಪಕ್ಕದಲ್ಲಿರಲಿ, ಕೋಶಕ್ಕೂ ತನ್ನದೇ ಮಿಣುಕು ಇರುತ್ತದೆ. ಕೋಶಕೇಂದ್ರದ ಸುತ್ತ ಚುಕ್ಕಿಚುಕ್ಕಿಯಾಗಿ ಹೊಳೆದರೆ ಸರಿ. ಕೇಂದ್ರವೂ ಸೇರಿ ಇಡೀ ಕೋಶ ಝಗಮಗಿಸಿದರೆ, ಅದು ಸತ್ತಿದೆಯೇ ಎಂದು ಮೊದಲು ಪರೀಕ್ಷಿಸಿ.