ಜೀರಿಗೆ ಚೀಸ್ ತಂದರೆ ಹೀಗೆ ತಿನ್ನಿ
ಬೆಳಗಾವಿ ಟಿಳಕವಾಡಿಯ ಅಂಗಡಿಯಲ್ಲಿ ಜೀರಿಗೆ ಹಾಕಿದ ಗೌಡಾ ಚೀಸ್ ಸಿಕ್ಕಿತು. ನಮ್ಮ ಗೌಡರದ್ದಲ್ಲ, ಅದು ನೆದರ್ಲೆಂಡ್ಸ್‌ನ ಊರಿನ ಹೆಸರು! ಅಲ್ಲಿ ಲೈಡನ್ ಕಡೆ ಚೀಸ್‌ಗೆ ಜೀರಿಗೆ ಹಾಕುವುದು ಹಳೇ ರೂಢಿ.

ಫ್ರಿಜ್‌ನಿಂದ ತೆಗೆದ ಕೂಡಲೇ ತಿಂದೆ, ಮೇಣ ಅಗಿದ ಹಾಗಾಯ್ತು. ಅರ್ಧ ಗಂಟೆ ಹೊರಗಿಟ್ಟ ಮೇಲೆ ನೋಡಿ, ಜೀರಿಗೆ ಘಮ ಬಂತು. ಬಿಸಿ ಜೋಳದ ರೊಟ್ಟಿ ಮೇಲೆ ತುರಿದು, ಹಂಚಿನಲ್ಲಿ ಸಣ್ಣ ಉರಿಗೆ ಒಂದು ನಿಮಿಷ ಇಡಿ. ಉರಿ ಜಾಸ್ತಿಯಾದರೆ ಎಣ್ಣೆ ಬಿಟ್ಟು ರಬ್ಬರ್ ಆಗುತ್ತದೆ. ಚೀಸ್‌ನಲ್ಲೇ ಉಪ್ಪಿದೆ, ಶೇಂಗಾ ಹಿಂಡಿ (ಚಟ್ನಿಪುಡಿ) ಕಮ್ಮಿ ಹಚ್ಚಿಕೊಳ್ಳಿ.

ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಯೇ ತಗೊಳ್ಳಿ; ಕೆಲವಕ್ಕೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಹಾಕಿರುತ್ತಾರೆ. ಉಳಿದದ್ದನ್ನು ಬಟರ್ ಪೇಪರ್‌ನಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಇಲ್ಲದಿದ್ದರೆ ಬೆಳಗಿನ ಚಹಾದ ಹಾಲಿಗೂ ಅದೇ ವಾಸನೆ.