ಹಿರಿಯರ ಊರಿಗೆ ಹೊರಡುವ ಮುನ್ನ

ನಮ್ಮ ವಂಶದ ಹಿಂದಿನವರು ಯಾರೆಂದು ಹುಡುಕಲು ಅವರ ಊರಿಗೆ ಹೊರಟಿದ್ದರೆ, ಮೊದಲು ಮನೆಯ ಹಿರಿಯರನ್ನೇ ಕೂರಿಸಿಕೊಂಡು ಅವರ ಹೆಸರುಗಳನ್ನು ಕೇಳಿ. ಅಡ್ಡಹೆಸರುಗಳನ್ನೂ ಬರೆದುಕೊಳ್ಳಿ, ಊರಿನವರಿಗೆ ಎಷ್ಟೋ ಸಲ ನೆನಪಿರುವುದು ಅವೇ. ದಾಖಲೆ ಕಚೇರಿಗೆ ಮುಂಚೆಯೇ ಫೋನ್ ಮಾಡಿ ವಿಚಾರಿಸಿ. ಹಳೆಯ ರಿಜಿಸ್ಟರ್ ಕೈಗೆ ಬಂದರೆ ನಾನು ಮೊದಲು ಅದರ ರಟ್ಟಿನ ಫೋಟೊ ತೆಗೆಯುತ್ತೇನೆ, ಆಮೇಲೆ ಪೂರ್ತಿ ಪುಟದ್ದು. ನಮ್ಮವರ ಸಾಲಿನ ಮೇಲೆ ಕೆಳಗೆ ಇರುವವರು ನೆಂಟರೇ ಆಗಿರಬಹುದು.

ಸಮಾಧಿ ಕಲ್ಲಿನ ಅಕ್ಷರ ಸವೆದಿದ್ದರೆ ದಯವಿಟ್ಟು ಉಜ್ಜಬೇಡಿ, ಸೀಮೆಸುಣ್ಣ ಬಳಿಯಬೇಡಿ, ಕಲ್ಲು ಹಾಳಾಗುತ್ತದೆ. ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೆತ್ತಿದ ಗೀರುಗಳಲ್ಲಿ ನೆರಳು ತುಂಬಿ ಹೆಸರು ಎದ್ದು ಕಾಣುತ್ತದೆ.

ಊರಿನ ವಯಸ್ಸಾದವರ ಹತ್ತಿರ ಇಸವಿ ಕೇಳುವುದಕ್ಕಿಂತ ಹಳೆಯ ಫೋಟೊ ಕೈಗಿಟ್ಟು, "ಇವರು ಯಾರಿರಬಹುದು?" ಅನ್ನಿ. ಅವರು ಒಪ್ಪಿದರೆ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ.