ಸ್ಯಾಟ್ ಅಂಕವನ್ನು ಓದುವ ಬಗೆ: ಅಮೆರಿಕಕ್ಕೆ ಹೊರಟಿರುವ ಬೆಂಗಳೂರಿನ ತಂದೆತಾಯಿಗಳಿಗೆ

ರಜೆಗೆಂದು ಬಸವನಗುಡಿಯ ತವರಿಗೆ ಬಂದಾಗಲೆಲ್ಲ, ಮಕ್ಕಳೊಡನೆ ಅಮೆರಿಕಕ್ಕೆ ಹೊರಟಿರುವವರು ಯಾರಾದರೂ ಬಂದು, ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯ ಬಗ್ಗೆ, ‘ಒಳ್ಳೆಯ ಕಾಲೇಜಿಗೆ ಸ್ಯಾಟ್‌ನಲ್ಲಿ ಎಷ್ಟು ಬರಬೇಕು?’ ಎಂದು ಕೇಳುತ್ತಾರೆ. ಆ ಪ್ರಶ್ನೆಯ ಹಿಂದಿರುವುದು ನಮ್ಮ ಸಿಇಟಿಯ ಲೆಕ್ಕಾಚಾರ. ಇಲ್ಲಿ ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಸಮನಾಗಿ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಕೊಡುತ್ತಾರೆ; ಹಿಂದಿನ ವರ್ಷದ ಕಟಾಫ್ ನೋಡಿದರೆ ಸೀಟಿನ ಅಂದಾಜು ಸಿಕ್ಕಿಬಿಡುತ್ತದೆ. ಸ್ಯಾಟ್ ರ‍್ಯಾಂಕ್ ಕೊಡುವುದಿಲ್ಲ, ಸೀಟನ್ನೂ ಹಂಚುವುದಿಲ್ಲ.

ಓದು-ಬರಹ ಮತ್ತು ಗಣಿತ ಎಂಬ ಎರಡು ಭಾಗಗಳಿಗೆ ತಲಾ 200ರಿಂದ 800ರವರೆಗೆ, ಒಟ್ಟು 400ರಿಂದ 1600ರವರೆಗೆ ಅಂಕಗಳಿವೆ. ನಮ್ಮವರು ಎಡವುವುದು ಇಲ್ಲಿಯೇ. 1600ಕ್ಕೆ 1000 ಬಂದರೆ ಶೇ 62.5, ಪ್ರಥಮ ದರ್ಜೆಯಾಯಿತಲ್ಲ ಎಂದು ಸಮಾಧಾನಪಡುತ್ತಾರೆ. ಆದರೆ ಅಳತೆ ಸೊನ್ನೆಯಿಂದಲ್ಲ, 400ರಿಂದ ಶುರುವಾಗುವುದರಿಂದ 1000 ಅದರ ನಟ್ಟನಡುವೆ ನಿಲ್ಲುತ್ತದೆ. ಶೇಕಡಾವಾರು ಲೆಕ್ಕವನ್ನು ಬಿಟ್ಟು, ಅಂಕದ ಜೊತೆಗೆ ಕೊಡುವ ಪರ್ಸೆಂಟೈಲನ್ನು ನೋಡಬೇಕು: ಅದು 90 ಆಗಿದ್ದರೆ, ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ ತೊಂಬತ್ತು ಮಂದಿ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂದರ್ಥ.

‘ಎಷ್ಟು ತಪ್ಪಾಯಿತು?’ ಎಂದು ಮಗುವನ್ನು ಕೇಂದ್ರದ ಬಾಗಿಲಲ್ಲೇ ವಿಚಾರಿಸುವುದರಿಂದಲೂ ಪ್ರಯೋಜನವಿಲ್ಲ. ಈಗ ಕಂಪ್ಯೂಟರಿನಲ್ಲಿ ನಡೆಯುವ ಈ ಪರೀಕ್ಷೆಯ ಪ್ರತಿ ಭಾಗದಲ್ಲಿ ಎರಡು ಮಾಡ್ಯೂಲ್‌ಗಳಿದ್ದು, ಮೊದಲನೆಯದನ್ನು ಬರೆದ ರೀತಿಗೆ ತಕ್ಕಂತೆ ಎರಡನೆಯದು ಕಠಿಣವೋ ಸುಲಭವೋ ಆಗುತ್ತದೆ. ಹೀಗಾಗಿ ಅಷ್ಟೇ ತಪ್ಪು ಮಾಡಿದ ಇಬ್ಬರಿಗೆ ಬೇರೆ ಬೇರೆ ಅಂಕ ಬರಬಹುದು. ಜೆಇಇಯಲ್ಲಿರುವಂತೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು.

ಇನ್ನು ‘ಎಷ್ಟು ಬರಬೇಕು’ ಎಂಬುದಕ್ಕೆ ಉತ್ತರ ಆಯಾ ಕಾಲೇಜಿನಲ್ಲೇ ಇದೆ. ಹಲವು ಕಾಲೇಜುಗಳು ಪ್ರತಿವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ಪ್ರಕಟಿಸುತ್ತವೆ. ಸೇರಿದವರ ಪೈಕಿ ಅಂಕ ಸಲ್ಲಿಸಿದವರ 25 ಮತ್ತು 75ನೆಯ ಪರ್ಸೆಂಟೈಲ್ ಅದರಲ್ಲಿರುತ್ತದೆ. ಉದಾಹರಣೆಗೆ 1400 ಮತ್ತು 1520 ಎಂದಿದ್ದರೆ, 1400 ಕಟಾಫ್ ಅಲ್ಲ; ಸುಮಾರು ಕಾಲುಭಾಗದಷ್ಟು ಮಂದಿ ಅದಕ್ಕಿಂತ ಕೆಳಗಿದ್ದೂ ಸೇರಿದ್ದಾರೆ. ಅಂಕ ಸಲ್ಲಿಸುವುದು ಐಚ್ಛಿಕವಾಗಿರುವಲ್ಲಿ ಕಡಿಮೆ ಬಂದವರು ಸಲ್ಲಿಸದೆ ಉಳಿಯುವುದರಿಂದ ಈ ಸಂಖ್ಯೆಗಳು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆಂಬುದನ್ನೂ ನೆನಪಿಡಬೇಕು.

ಅಂಕ ಸಲ್ಲಿಸಲೇಬೇಕೆಂಬ, ಕೋವಿಡ್ ಕಾಲದಲ್ಲಿ ಕೈಬಿಟ್ಟಿದ್ದ ಷರತ್ತನ್ನು ಎಂಐಟಿ 2022ರಲ್ಲಿ ಮರಳಿ ತಂದಿತು, ಹಾರ್ವರ್ಡ್ 2024ರಲ್ಲಿ ಅದೇ ತೀರ್ಮಾನ ಪ್ರಕಟಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಪ್ರವೇಶದ ನಿರ್ಧಾರದಲ್ಲಿ ಅಂಕವನ್ನು ನೋಡುವುದೇ ಇಲ್ಲ. ಎಸಿಟಿ ಎಂಬ ಇನ್ನೊಂದು ಪರೀಕ್ಷೆಯ ಅಂಕ 1ರಿಂದ 36ರವರೆಗಿದ್ದು, ಎರಡರಲ್ಲಿ ಒಂದನ್ನು ಬರೆದರೆ ಸಾಕು.

ಹಲವು ಕಾಲೇಜುಗಳು ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಿಂದ ಪ್ರತಿ ಭಾಗದ ಹೆಚ್ಚಿನ ಅಂಕವನ್ನು ಆಯ್ದು ಕೂಡಿಸಿಕೊಳ್ಳುತ್ತವಾದ್ದರಿಂದ ಎರಡನೆಯ ಸಲ ಬರೆಯುವುದರಲ್ಲಿ ಅರ್ಥವಿದೆ. ಮೂರನೆಯದರ ಬಗ್ಗೆ ನನಗೆ ಅನುಮಾನವಿದೆ. 1480 ಬಂದಿದ್ದ ಮಗಳನ್ನು 1500 ದಾಟಲೆಂದು ಮತ್ತೆ ಕೂರಿಸಿದೆ, ಹತ್ತು ಅಂಕ ಏರಿತು, ಅವಳು ಅದನ್ನು ಇಂದಿಗೂ ಎತ್ತಿ ಆಡುತ್ತಾಳೆ. ಸ್ಯಾಟ್ ನಡೆಸುವವರದೇ ಆದ ‘ಬ್ಲೂಬುಕ್’ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುವುದರಿಂದ, ಕೋಚಿಂಗಿಗೆ ಹಣ ಕಟ್ಟುವ ಮೊದಲು ಮಗು ಮನೆಯಲ್ಲೇ 2 ಗಂಟೆ 14 ನಿಮಿಷದ ಒಂದು ಪರೀಕ್ಷೆಯನ್ನು ಬರೆದು ನೋಡಲಿ.